ಕಬ್ಬಿನ ಬಿಲ್ಲೂ ಫೈನಾನ್ಸೇ

“ಸರ್, ಕೃಷಿ ಅರ್ಥಶಾಸ್ತ್ರ ತಗೊಂಡ್ರ ಮತ್ತ ಹೊಲಕ್ಕ ಹೋಗೂದ ಅಂತಾರ್ರೀ ಎಲ್ಲಾರೂ. ಫೈನಾನ್ಸ್ ತಗೊಳ್ಳಲೇನ್ರಿ?”

ಎಂ.ಎ. ಅರ್ಜಿ ಹಿಡಿದು ಬಂದ ರಾಯಬಾಗ ಕಡೆಯ ಹುಡುಗ ಕೇಳಿದ ಮಾತಿದು. ಚಿಕ್ಕೋಡಿ, ಅಥಣಿ, ಕಾಗವಾಡದ ಮನೆಗಳಲ್ಲೂ ಇದೇ ಬುದ್ಧಿವಾದ. ಕಬ್ಬಿನ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾದ ತಂದೆ, ಮಗನಿಗೆ ಆ ಕಾಯುವಿಕೆ ಬೇಡ ಎನ್ನುವುದು ಸಹಜ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಲೆಕ್ಕ ತಪ್ಪಿದೆ.

ಆ ಹುಡುಗನ ಮೊಬೈಲಿನಲ್ಲಿ ಅಪ್ಪನ ಕಬ್ಬಿನ ಬಿಲ್ಲಿನ ಫೋಟೋ ಇತ್ತು. ಅರ್ಜಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆವು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ), ಶೇ. 10.25 ಸಕ್ಕರೆ ಇಳುವರಿಗೆ, ಅಂದರೆ ರಿಕವರಿಗೆ, ಕ್ವಿಂಟಲ್‌ಗೆ ₹355. ರಿಕವರಿ ಶೇ. 0.1 ಏರಿದಂತೆಲ್ಲ ಕ್ವಿಂಟಲ್‌ಗೆ ₹3.46 ಹೆಚ್ಚು. ರಿಕವರಿ 10.25ರಿಂದ 10.75ಕ್ಕೆ ಹೋದರೆ ಟನ್ನಿಗೆ ₹173 ಹೆಚ್ಚು. ಎಕರೆಗೆ ನಲವತ್ತು ಟನ್ ಬೆಳೆದವನಿಗೆ ಎಕರೆಗೆ ₹6,920 ಹೆಚ್ಚು. ಕಟಾವು-ಸಾಗಾಣಿಕೆ ಖರ್ಚು ಮುರಿದುಕೊಂಡ ಮೇಲೆ ಉಳಿದದ್ದು ರೈತನಿಗೆ. ಕಬ್ಬು ಕೊಟ್ಟ ಹದಿನಾಲ್ಕು ದಿನದಲ್ಲಿ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಬೆಲೆ, ಸಾಲ, ಬಡ್ಡಿ, ದುಡಿಯುವ ಬಂಡವಾಳ ಎಲ್ಲವೂ ಒಂದೇ ಚೀಟಿಯಲ್ಲಿವೆ. ಇದು ಫೈನಾನ್ಸ್ ಅಲ್ಲದೆ ಮತ್ತೇನು?

ನಮ್ಮ ನಿಪ್ಪಾಣಿಯನ್ನೇ ನೋಡಿ. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್‌ನಲ್ಲಿ ಗೋಲಿಬಾರಾಗಿ ರೈತರು ಸತ್ತರು. ಬೆಳೆಯುವವರು ಸಾವಿರಾರು, ಕೊಳ್ಳುವವರು ಬೆರಳೆಣಿಕೆಯಷ್ಟು ಇದ್ದರೆ ಬೆಲೆ ಏನಾಗುತ್ತದೆ? ಪಠ್ಯದಲ್ಲಿ ಒಂದು ರೇಖಾಚಿತ್ರವಾಗಿ ಮುಗಿದುಹೋಗುವ ಈ ಪ್ರಶ್ನೆಗೆ ನಮ್ಮ ಊರು ಜೀವ ತೆತ್ತಿದೆ. ಅದನ್ನು ಓದುವುದು ಕೀಳು ಎಂದು ನಮ್ಮ ಮಕ್ಕಳಿಗೆ ನಾವೇ ಹೇಳುತ್ತಿದ್ದೇವೆಂಬುದು ನನ್ನ ನೋವು.

ನೌಕರಿಯ ಮಾತಿಗೆ ಬರೋಣ. ರಿಸರ್ವ್ ಬ್ಯಾಂಕಿನ ನಿಯಮದಂತೆ ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದ ಶೇ. 18ರಷ್ಟನ್ನು ಕೃಷಿಗೆ ಕೊಡಲೇಬೇಕು. ಆ ಸಾಲ ಯಾರಿಗೆ, ಯಾವ ಬೆಳೆಗೆ, ಯಾವಾಗ ಎಂದು ಬಲ್ಲವರು ಬೇಕಲ್ಲ? ನಬಾರ್ಡ್‌ನ ಗ್ರೇಡ್ ‘ಎ’ ಪರೀಕ್ಷೆಯಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯೇ ಒಂದು ವಿಷಯ. ಬೆಂಗಳೂರಿನ ಹಣಕಾಸು ಕಂಪನಿಗಳ ಸಂಬಳ ದೊಡ್ಡದಿರಬಹುದು, ಅಲ್ಲಗಳೆಯುವುದಿಲ್ಲ. ಅಲ್ಲಿ ಪೈಪೋಟಿಯೂ ಅಷ್ಟೇ ದೊಡ್ಡದು.

ಒಂದು ಎಚ್ಚರಿಕೆಯನ್ನು ಅವನಿಗೆ ಹೇಳಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಎಂ.ಎಸ್ಸಿ. (ಕೃಷಿ) ಸೇರಲು ಬಿ.ಎ. ಸಾಲದು, ಕೃಷಿಯಲ್ಲೇ ಪದವಿ ಬೇಕು. ಬಿ.ಎ. ಓದಿದವರ ದಾರಿ, ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಕೃಷಿ ಅರ್ಥಶಾಸ್ತ್ರದ ಪತ್ರಿಕೆ ಆರಿಸಿಕೊಳ್ಳುವುದು. ಜೊತೆಗೆ ಸಂಖ್ಯಾಶಾಸ್ತ್ರ, ತಪ್ಪದೆ. ಪಿಯುಸಿಯಲ್ಲೇ ಗಣಿತ ಬಿಟ್ಟವರು ಇದಕ್ಕೆ ಹೆದರುತ್ತಾರೆ. ನಮ್ಮ ಹುಡುಗರನ್ನು ನಿಜಕ್ಕೂ ತಡೆಯುವುದು ಈ ಹೆದರಿಕೆ. ಕೃಷಿ ಎಂಬ ಹೆಸರಲ್ಲ. ಗಣಿತದ ಹೆದರಿಕೆ ಹೋಗದಿದ್ದರೆ ಫೈನಾನ್ಸ್ ತೆಗೆದುಕೊಂಡವನೂ ಅಲ್ಲೇ ನಿಲ್ಲುತ್ತಾನೆ.

ಹುಡುಗ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಲೇ ಇದ್ದ. “ಸರ್, ಕೊಲ್ಲಾಪುರದ ಕಾರ್ಖಾನಿಗೆ ಕಳಿಸಿದ್ರ ಸಾಗಾಣಿಕಿ ಎಷ್ಟ ಮುರೀತಾರ್ರೀ? ಎರಡೂ ಕಡೀದು ಹೋಲಿಸಿ ನೋಡಾಕ ಬರ್ತೈತಲ್ಲ?”

ಬರುತ್ತದೆ ಎಂದೆ. ಅರ್ಜಿ ತುಂಬಲು ಪೆನ್ನು ಕೊಟ್ಟೆ.