ಸಂಪುಟದೊಳಗಿನ ಸಮುದ್ರ

ತುಂಗೆಯ ದಡದಲ್ಲಿ ಎಷ್ಟು ಕಲ್ಲು ಹೆಕ್ಕಿದರೂ ಕಡಲ ಚಿಪ್ಪುಜೀವಿಯ ಪಳೆಯುಳಿಕೆ ಸಿಗದು. ಮಲೆನಾಡಿನ ಬಂಡೆಗಳು ಚಿಪ್ಪುಜೀವಿಗಳು ಹುಟ್ಟುವುದಕ್ಕೂ ಎಷ್ಟೋ ಹಿಂದಿನವು, 250 ಕೋಟಿ ವರ್ಷದಷ್ಟು ಹಳೆಯವು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಲವು ಹಳೆಯ ಮನೆಗಳ ದೇವರ ಸಂಪುಟದಲ್ಲಿ ನೇಪಾಳದ ಗಂಡಕಿಯಿಂದ ಬಂದ ಸಾಲಿಗ್ರಾಮವಿದೆ. ಅದರ ಚಕ್ರವೇ ಸುಮಾರು 15 ಕೋಟಿ ವರ್ಷದ ಹಿಂದೆ ಟೆಥಿಸ್ ಎಂಬ ಪ್ರಾಚೀನ ಸಮುದ್ರದಲ್ಲಿ ಬಾಳಿದ ಅಮೋನೈಟ್ ಎಂಬ ಚಿಪ್ಪುಜೀವಿಯ ಗುರುತು! ಪಳೆಯುಳಿಕೆ ಗುರುತಿಸಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಕಂಡಿಲ್ಲ. ಬಸವನಹುಳುವಿನ ಸುರುಳಿ ತುದಿಯತ್ತ ಏರುತ್ತದೆ. ಬಹುತೇಕ ಅಮೋನೈಟ್‌ಗಳದು ಚಕ್ಕುಲಿಯಂತೆ ಒಂದೇ ಮಟ್ಟದಲ್ಲಿ ಸುತ್ತುತ್ತದೆ, ಮೈಮೇಲೆ ಸಾಲುಸಾಲು ಏಣು. ಒಳಗೆ ಗೋಡೆಯಿಟ್ಟ ಪುಟ್ಟ ಕೋಣೆಗಳು ಬೇರೆ. ಅಭಿಷೇಕ ಮುಗಿದ ಮೇಲೆ ಹಿರಿಯರನ್ನು ಕೇಳಿ, ಓರೆಬೆಳಕಿನಲ್ಲಿ ಆ ಏಣುಗಳನ್ನು ಒಮ್ಮೆ ನಿಧಾನವಾಗಿ ನೋಡಿ.