ಹಾಸ್ಯದಲ್ಲಿ ಕ್ರೈಸ್ತಪಾತ್ರ

ವೇಷ, ಭಾಷೆ, ನಡೆಗಳ ವಿಕೃತಿಯಿಂದ ಹಾಸ್ಯವು ಹುಟ್ಟುವುದೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನು. ಆದರೆ ಆ ವಿಕೃತಿಯು ಒಬ್ಬ ವ್ಯಕ್ತಿಯದೋ, ಅವನ ಸಮಾಜಕ್ಕೆಲ್ಲ ಹೊರಿಸಿದ್ದೋ ಎಂಬುದನ್ನು ವಿಮರ್ಶಕನು ವಿವೇಚಿಸಬೇಕು. ದೂರದರ್ಶನದ ವಿನೋದಕಥೆಗಳಲ್ಲಿ ಬರುವ ಕ್ರೈಸ್ತಪಾತ್ರಗಳಿಗೆ ಇದೇ ಒರೆಗಲ್ಲು.

ಆರ್. ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯು 1935ರಲ್ಲಿ ಪ್ರಕಟವಾಯಿತು. 1986ರ ಸುಮಾರಿಗೆ ಶಂಕರ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಮಾಲೆಯ ಮೂಲಕ ಆ ಕಥೆಯು ಮನೆಮನೆಯನ್ನು ಮುಟ್ಟಿತು. ಸ್ವಾಮಿಯ ತಂದೆಯಾಗಿ ನಟಿಸಿದವರು ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು. ಮೂಲಕೃತಿಯಲ್ಲಿ ಮಿಷನ್ ಶಾಲೆಯ ಬೈಬಲ್ ಉಪಾಧ್ಯಾಯ ಎಬೆನೆಜರನ ಪಾತ್ರವು ಗಮನಾರ್ಹವಾದುದು.

ಯೇಸುವನ್ನು ನೆನೆದು ಅವನು ಕಣ್ಣೀರಿಡುತ್ತಾನೆ. ಮರುಕ್ಷಣವೇ ಶ್ರೀಕೃಷ್ಣನನ್ನು ನೆನೆದು ಕೆರಳುತ್ತಾನೆ. ಬಾಲಕನು ಎದುರುಪ್ರಶ್ನೆ ಹಾಕಿದರೆ ಉತ್ತರಕ್ಕೆ ಬದಲು ಕಿವಿಯನ್ನು ಹಿಂಡುತ್ತಾನೆ. ಇಲ್ಲಿ ನಗೆಗೆ ಗುರಿಯಾದುದು ಕ್ರೈಸ್ತಧರ್ಮವಲ್ಲ, ವಿಚಾರವನ್ನು ಸಹಿಸದ ಉತ್ಸಾಹ. ಅವನ ಕಣ್ಣೀರನ್ನು ಲೇಖಕನು ಕಪಟವೆನ್ನುವುದಿಲ್ಲ. ಅಂಥ ಉಪಾಧ್ಯಾಯನು ಯಾವ ಮತದಲ್ಲಾದರೂ ಇರಬಹುದು. ಆದರೂ ಚಿತ್ರವು ಪೂರ್ಣವೆನ್ನಲಾಗದು. ತರಗತಿಯ ಹೊರಗೆ ಅವನಿಗೊಂದು ಮನೆಯಿದ್ದಂತೆ ನಮಗೆ ಕಾಣಿಸುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದುದು ಸಿನಿಮಾದಿಂದ ವಿನೋದಮಾಲೆಗಳಿಗೆ ಇಳಿದುಬಂದ ಸಿದ್ಧಪಾತ್ರ: ಕೊರಳಲ್ಲಿ ಶಿಲುಬೆ, ಕೈಯಲ್ಲಿ ಮದ್ಯ, ಬಾಯಲ್ಲಿ ಹರಕುಮುರುಕು ಕನ್ನಡ. ಇಲ್ಲಿ ನಗೆಯು ಸ್ವಭಾವದಿಂದ ಹುಟ್ಟದೆ ಹೆಸರಿನಿಂದಲೇ ಹುಟ್ಟುವುದು. ನಮ್ಮ ಸೀಮೆಯ ಚರಿತ್ರೆಯು ಈ ಚಿತ್ರವನ್ನು ಅಲ್ಲಗಳೆಯುವುದು. ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದುದು 1837ರಲ್ಲಿ; ಆ ಮಿಷನ್ನಿನ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಹೊರಬಂದಿತು. ಧಾರವಾಡದಲ್ಲಿ ಜನಿಸಿದ ಕ್ರೈಸ್ತ ಪಾದ್ರಿ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯಸಮ್ಮೇಲನಕ್ಕೆ ಅಧ್ಯಕ್ಷರಾದರು. ಇಂಥವರ ನೆರೆಯಲ್ಲಿ ಬಾಳಿದ ನಾಡಿನ ತೆರೆಯ ಮೇಲೆ ಕ್ರೈಸ್ತನೆಂದರೆ ಕನ್ನಡ ಬಾರದವನೆಂಬ ರೂಢಿಯು ನಿಂತುಹೋದುದು ವಿಷಾದಕರ.

ಇದು ಬರಿಯ ರಸವಿಚಾರವಲ್ಲ. ಧಾರವಾಡ ತಾಲೂಕಿನ ಗರಗದಂಥ ಊರಿನಲ್ಲಿ, ಕ್ರೈಸ್ತಕುಟುಂಬದ ನಿಕಟಪರಿಚಯವಿಲ್ಲದ ಬಾಲಕನು ತೆರೆಯ ಮೇಲಿನ ಪಾತ್ರವನ್ನೇ ಪ್ರಮಾಣವೆಂದು ಗ್ರಹಿಸುವನು. ಮುಂದೆ ಕಾಲೇಜಿನಲ್ಲಿ ಕ್ರೈಸ್ತಸಹಪಾಠಿಯು ದೊರೆತಾಗ ಆ ನಗೆಯೇ ಇಬ್ಬರ ನಡುವೆ ಬಂದು ನಿಲ್ಲುವುದು. ಹಾಸ್ಯಕಾರನು ಕ್ರೈಸ್ತನನ್ನು ನಗೆಗೆ ಗುರಿಮಾಡಬಾರದೆಂದು ನಮ್ಮ ಅಭಿಪ್ರಾಯವಲ್ಲ. ಎಲ್ಲರಂತೆ ಅವನಿಗೂ ಸ್ವಂತದ ಒಂದು ದೋಷವನ್ನು ಕೊಡಲಿ, ಆಡಲು ನಮ್ಮ ಊರಿನ ಮಾತನ್ನು ಕೊಡಲಿ ಎಂಬುದಿಷ್ಟೇ.