ಬ್ರಾಹುಯಿ ಭಾಷೆಯ ಎರಡು ಲಿಪಿಗಳು

ಬಲೂಚಿಸ್ತಾನದ ಬ್ರಾಹುಯಿಯು ದ್ರಾವಿಡಭಾಷೆಯೆಂಬುದು ಡೆನಿಸ್ ಬ್ರೇ ಮಹಾಶಯರ ಗ್ರಂಥದಿಂದ (1909, 1934) ದೃಢಪಟ್ಟ ವಿಷಯವು. ನಮ್ಮ ಕಲ್ ಅಲ್ಲಿ ಖಲ್, ಕಣ್ ಅಲ್ಲಿ ಖನ್. ಈ ಖಕಾರವು ಶಿಕ್ಷಾಕಾರರ ಜಿಹ್ವಾಮೂಲೀಯಕ್ಕೆ ಸಮೀಪವಾದುದು. ಇದನ್ನು ಪಾರಸೀಕ-ಅರಬ್ಬೀ ಲಿಪಿಯಲ್ಲಿ ಬರೆಯುವ ರೂಢಿಯು 18ನೆಯ ಶತಮಾನದ ಮಲಿಕ್ ದಾದನ ‘ತುಹ್ಫತುಲ್ ಅಜಾಯಿಬ್’ ಕಾಲದಷ್ಟು ಹಳೆಯದು. ಕ್ವೆಟ್ಟಾದ ಬಲೂಚಿಸ್ತಾನ ವಿಶ್ವವಿದ್ಯಾಲಯದ ಬ್ರಾಹುಯಿ ಭಾಷಾಮಂಡಲಿಯು ಈ 21ನೆಯ ಶತಮಾನದಲ್ಲಿ ‘ಬ್ರೋಲಿಕ್ವಾ’ ಎಂಬ ರೋಮನ್ ವರ್ಣಮಾಲೆಯೊಂದನ್ನು ರಚಿಸಿತು. ಇವೆರಡರಲ್ಲಿ ಯಾವುದು ಗ್ರಾಹ್ಯವು?

ವ್ಯಂಜನಗಳ ಮಟ್ಟಿಗೆ ವಾದಕ್ಕೆ ಎಡೆಯಿಲ್ಲ. ಪಾಲ್ (ಹಾಲು), ತೇಲ್ (ಚೇಳು) ಎಂಬಲ್ಲಿಯ ಅಘೋಷ ಲಕಾರಕ್ಕೆ ಅರಬ್ಬೀ ಲಿಪಿಯವರೂ ‘ಲಾಮ್’ ಅಕ್ಷರದ ಮೇಲೆ ಮೂರು ಚುಕ್ಕೆಗಳನ್ನಿಟ್ಟು ದಾರಿ ಕಂಡುಕೊಂಡಿರುವರು. ಕೊರತೆಯಿರುವುದು ಸ್ವರದಲ್ಲಿ. ಹ್ರಸ್ವಸ್ವರಗಳಿಗೆ ಚಿಹ್ನೆಗಳುಂಟು, ಆದರೆ ವಾಡಿಕೆಯ ಬರೆವಣಿಗೆಯಲ್ಲಿ ಅವುಗಳನ್ನು ಬಿಡುತ್ತಾರೆ. ಅದರಿಂದ ಖಲ್ ಎಂಬ ನಾಮವೂ ಖುಲ್ (ಅಂಜು) ಎಂಬ ಧಾತುವೂ ಒಂದೇ ರೂಪದಲ್ಲಿ ಕಾಣುವುವು. ಭಾಷೆಯನ್ನಾಡುವವನು ಪ್ರಸಂಗದಿಂದ ತಿಳಿದುಕೊಳ್ಳುವನು. ಧಾತುಗಳನ್ನು ಹೋಲಿಸುವವನಿಗೆ ಅದು ಸಾಲದು. ಕೋಶವ್ಯಾಕರಣಗಳಿಗೆ ರೋಮನ್ ಲಿಪಿಯೇ ತಕ್ಕುದೆಂದು ನನ್ನ ಮತವು.

ಆದರೆ ಹಳೆಯ ಲಿಪಿಯ ಅಭ್ಯಾಸವೇ ತಪ್ಪಿದಲ್ಲಿ ಮಲಿಕ್ ದಾದನು ತನ್ನ ಜನಕ್ಕೇ ಅಪರಿಚಿತನಾಗುವನು. ಈ ನಷ್ಟವನ್ನು ಲಿಪಿಸುಧಾರಕರು ಲಘುವಾಗಿ ಎಣಿಸಲಾಗದು. ಅವನ ಗ್ರಂಥವನ್ನು ಹಳೆಯ ಲಿಪಿಯಲ್ಲಿಯೇ, ಹ್ರಸ್ವಚಿಹ್ನೆಗಳನ್ನು ಬಿಡದೆ, ಅಚ್ಚುಹಾಕಿಸುವುದು ಯುಕ್ತವು.